ಫ್ರೌ ಕ್ರೂಗರ್ ಅವರ ಗಾಂಜಾಕ್ಕೆ ಕಾವಲು

ನಾನು ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ಸೇದಿದವನಲ್ಲ. ಕಾಲೇಜಿನಲ್ಲಿ ಗೆಳೆಯರ ಒತ್ತಾಯಕ್ಕೆ ಒಮ್ಮೆ ಸಿಗರೇಟು ಬಾಯಿಗಿಟ್ಟುಕೊಂಡಾಗ ಫಿಲ್ಟರಿನ ತುದಿಗೇ ಬೆಂಕಿ ಹಚ್ಚಿಕೊಂಡು, ಆ ವಾಸನೆಗೆ ಇಡೀ ಹಾಸ್ಟೆಲ್ಲಿನವರ ಕೈಯಲ್ಲಿ ಬೈಸಿಕೊಂಡವನು. ಇಂಥ ಸಾತ್ವಿಕನಾದ ನಾನು ಕಳೆದ ವರ್ಷ ಅಕ್ಟೋಬರಿನಲ್ಲಿ, ಇಲ್ಲಿ ಜರ್ಮನಿಯ ವೋಲ್ಫ್ಸ್‌ಬುರ್ಗ್‌ನಲ್ಲಿ, ಒಂದು ತಿಂಗಳು ಗಾಂಜಾಕ್ಕೆ ಕಾವಲಿದ್ದೆ. ಅದು ನನ್ನದಲ್ಲ, ಎದುರು ಮನೆಯ ಫ್ರೌ ಕ್ರೂಗರ್, ಅಂದರೆ ಶ್ರೀಮತಿ ಕ್ರೂಗರ್, ಅವರದು. ಅವರಿಗೆ ಎಪ್ಪತ್ತಾರು ವರ್ಷ. ನಮ್ಮ ಕಡೆ ಆ ವಯಸ್ಸಿನವರು ಬಾಲ್ಕನಿಯಲ್ಲಿ ತುಳಸಿ ಬೆಳೆಸುತ್ತಾರೆ. ಇಲ್ಲಿ ಈಗ ಮನೆಯಲ್ಲಿ ಮೂರು ಗಿಡ ಬೆಳೆಸಲು ಕಾನೂನೇ ಒಪ್ಪಿದೆಯಾದ್ದರಿಂದ ಅವರು ಎಣಿಸಿ ಮೂರು ಬೆಳೆಸಿದ್ದರು. ಬೆರಳಿನ ಸಂದು ನೋವಿಗೆ ಅಂತ ಅವರೇ ಹೇಳಿದ್ದು. ನಾಲ್ಕನೆಯ ಬೀಜ ಮೊಳೆತಾಗ ಅದನ್ನು ಕಿತ್ತು ಹಾಕಿದೆನೆಂದೂ, ಆ ದಿನ ಊಟ ಸೇರಲಿಲ್ಲವೆಂದೂ ಹೇಳಿದ್ದರು.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ನಾನು ಬಾಗಲಕೋಟೆಯವನು. ಕಾರಿನ ಬಿಡಿಭಾಗಗಳ ಒಂದು ಕಂಪನಿಯಲ್ಲಿ ಎಂಜಿನಿಯರು. ಹೆಡ್‌ಲೈಟಿನ ಗಾಜಿನೊಳಗೆ ಹಬೆ ಕಟ್ಟುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ನನ್ನ ಕೆಲಸ. ಅದಕ್ಕೆಂದೇ ಒಂದು ಕೋಣೆಯಿದೆ. ಅದರೊಳಗಿನ ತೇವಾಂಶವನ್ನು ಬೇಕಾದಷ್ಟು ಏರಿಸಿ ಇಳಿಸಬಹುದು. ಹೆಂಡತಿ ಸುಮಾ ಚಿಪ್ ಎಂಜಿನಿಯರು. ಅವಳ ಕೆಲಸ ಆರುನೂರು ಕಿಲೋಮೀಟರು ದೂರದ ನೊಯ್‌ಬಿಬರ್ಗ್‌ನಲ್ಲಿ. ಮಗಳು ಅವಳ ಜೊತೆ. ಎರಡು ವಾರಕ್ಕೊಮ್ಮೆ ರೈಲು ಹಿಡಿದು ಹೋಗುತ್ತೇನೆ, ರೈಲು ರದ್ದಾಗದಿದ್ದರೆ. ಉಳಿದ ದಿನ ಸಂಜೆ ಆರಕ್ಕೆ ಮನೆಗೆ ಬಂದರೆ ಮಾತಾಡುವುದು ಫ್ರಿಜ್ಜು ಮಾತ್ರ, ಅದೂ ಬಾಗಿಲು ಸರಿಯಾಗಿ ಮುಚ್ಚದಿದ್ದಾಗ.

ಆದ್ದರಿಂದ ಒಂದು ಶನಿವಾರ ಬೆಲ್ಲು ಆದಾಗ ಓಡಿ ಹೋಗಿ ಬಾಗಿಲು ತೆಗೆದೆ. ಫ್ರೌ ಕ್ರೂಗರ್ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬೀಗದ ಕೈ ಹಿಡಿದು ನಿಂತಿದ್ದರು. ಸೊಂಟದ ಕೀಲಿನ ಆಪರೇಷನ್ನಿಗೆ ಇದ್ದಕ್ಕಿದ್ದಂತೆ ದಿನ ಸಿಕ್ಕಿತ್ತು, ಸೋಮವಾರ ಸೇರಬೇಕಿತ್ತು. ಗಿಡ ಕೊಯ್ದು ಒಣಗಲು ನೇತು ಹಾಕಿ ಎರಡೇ ದಿನವಾಗಿತ್ತು.

"ನೀವು ತೇವಾಂಶದ ಎಂಜಿನಿಯರಲ್ಲವೇ?" ಎಂದರು.

ಹದಿನಾರು ವರ್ಷದ ಜರ್ಮನಿವಾಸದಲ್ಲಿ ನನ್ನ ವೃತ್ತಿಯನ್ನು ಯಾರೂ ಅಷ್ಟು ಗೌರವದಿಂದ ಕರೆದಿರಲಿಲ್ಲ. ನಾನು ಒಪ್ಪಿಕೊಂಡುಬಿಟ್ಟೆ.

ಅವರ ಮನೆಯ ಹಿಂಭಾಗದಲ್ಲಿ ಒಂದು ಚಿಕ್ಕ ಕತ್ತಲೆ ಕೋಣೆ. ಮೊದಲು ಗಂಡನ ಉಪಕರಣ ಇಡುತ್ತಿದ್ದ ಜಾಗವಂತೆ. ಅಲ್ಲೊಂದು ಹಗ್ಗ, ಹಗ್ಗಕ್ಕೆ ತಲೆಕೆಳಗಾಗಿ ನೇತಾಡುವ ಟೊಂಗೆಗಳು, ಗೋಡೆಗೆ ಫೋನಿಗೆ ಲೆಕ್ಕ ಕಳಿಸುವ ತೇವಾಂಶದ ಮೀಟರು, ಮೂಲೆಯಲ್ಲೊಂದು ಮಡಚುವ ಕುರ್ಚಿ. ಅವರ ಸೂಚನೆ ಸ್ಪಷ್ಟವಾಗಿತ್ತು. ಮೀಟರು ಅರವತ್ತರ ಆಸುಪಾಸಿನಲ್ಲಿರಬೇಕು. ತೀರ ಕೆಳಗಿಳಿದರೆ ಹೂವು ಪುಡಿಯಾಗುತ್ತದೆ, ಮೇಲೇರಿದರೆ ಬೂಷ್ಟು ಹಿಡಿಯುತ್ತದೆ. ಕಡ್ಡಿ ಬಗ್ಗಿಸಿದರೆ ಲಟ್ ಎನ್ನುವ ದಿನ ಗಾಜಿನ ಡಬ್ಬಿಗೆ ತುಂಬಿ, ಆಮೇಲೆ ದಿನಾ ಸ್ವಲ್ಪ ಹೊತ್ತು ಮುಚ್ಚಳ ತೆಗೆದು ಗಾಳಿಯಾಡಿಸಬೇಕು. "ಚಳಿಗಾಲಕ್ಕೆ ನನ್ನ ಬೆರಳಿಗೆ ಇರುವುದು ಇಷ್ಟೇ" ಎಂದರು. ಆ ಬೆರಳುಗಳನ್ನು ನಾನು ನೋಡಿದ್ದೆ. ಬೀಗದ ಕೈ ಹಿಡಿಯಲೂ ಅವು ಸರಿಯಾಗಿ ಮಡಚುತ್ತಿರಲಿಲ್ಲ.

ಸುದ್ದಿ ತಿಳಿದು ಸುಮಾ ಫೋನಿನಲ್ಲೇ ಹಣೆ ಚಚ್ಚಿಕೊಂಡಳು. "ಅಲ್ರೀ, ನಿಮಗ ಬ್ಯಾರೆ ಹವ್ಯಾಸ ಸಿಗಲಿಲ್ಲೇನು? ಊರಾಗ ಯಾರಿಗರ ಗೊತ್ತಾದ್ರ ಏನಂದಾರು?" ಹಿಂದಿನಿಂದ ಮಗಳು ಜರ್ಮನ್ನಿನಲ್ಲಿ, "ಪಪ್ಪಾ ಈಗ ಡೀಲರ್ ಆದ್ರಾ?" ಎಂದು ಕೇಳಿದಳು. ಅವಳ ದನಿಯಲ್ಲಿ ನನ್ನ ಬಗ್ಗೆ ಮೊದಲ ಸಲ ಒಂದಿಷ್ಟು ಮರ್ಯಾದೆ ಕಂಡಿತು.

ಮೊದಲ ದಿನ ಮೀಟರು ನೋಡಿ ಐದು ನಿಮಿಷದಲ್ಲಿ ಬಂದೆ. ಎರಡನೆಯ ದಿನ ಕುರ್ಚಿ ಬಿಡಿಸಿ ಕೂತೆ. ಮೂರನೆಯ ದಿನ ಥರ್ಮಾಸಿನಲ್ಲಿ ಚಹಾ ಒಯ್ದೆ. ಸತ್ಯ ಹೇಳಬೇಕೆಂದರೆ, ನನ್ನ ಮನೆಯಲ್ಲಿ ಸುಮ್ಮನೆ ಕೂತರೆ ಅದು ಒಂಟಿತನ, ಅವರ ಮನೆಯಲ್ಲಿ ಕೂತರೆ ಡ್ಯೂಟಿ. ಡ್ಯೂಟಿ ಯಾವಾಗಲೂ ಹಗುರ. ಅಲ್ಲಿಂದಲೇ ಸುಮಾಗೆ ಫೋನು ಮಾಡುತ್ತಿದ್ದೆ. ಅವಳು ಅಡುಗೆ ಮಾಡುತ್ತ, ಫೋನನ್ನು ಸ್ಪೀಕರಿಗೆ ಹಾಕಿ ಒಲೆಯ ಪಕ್ಕ ಇಟ್ಟಿರುತ್ತಿದ್ದಳು. ಅವಳು ಫೋನಿಟ್ಟ ಮೇಲೆ ಟೊಂಗೆಗಳಿಗೇ ಆಫೀಸಿನ ಸಂಗತಿ ಹೇಳುತ್ತಿದ್ದೆ. ಬಾಸಿನ ಮೇಲಿನ ಸಿಟ್ಟು, ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್ನಿನಲ್ಲಿ ಉತ್ತರಿಸುವುದು, ಹೀಗೆ ಏನೇನೋ. ವಾಸನೆ ಹೊರಗೆ ಹೋಗಬಾರದೆಂದು ಬಾಗಿಲು ಹಾಕಿಕೊಂಡಿರುತ್ತಿದ್ದೆ. ಎರಡು ಗಂಟೆ ಹೇಗೆ ಹೋಗುತ್ತಿತ್ತೋ ತಿಳಿಯುತ್ತಿರಲಿಲ್ಲ.

ಆದರೆ ಮೀಟರು ಏರತೊಡಗಿತು. ಅರವತ್ತನಾಲ್ಕು, ಅರವತ್ತೊಂಬತ್ತು, ಒಂದು ಸಂಜೆ ಎಪ್ಪತ್ಮೂರು. ನಾನು ಕಿಟಕಿ ನೋಡಿದೆ, ಹೀಟರು ನೋಡಿದೆ, ಗೋಡೆಗೆ ಕಿವಿಯಿಟ್ಟು ಪೈಪು ಸೋರುವ ಸದ್ದಿಗಾಗಿ ಆಲಿಸಿದೆ. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರನ್ನೂ ಕರೆದೆ. ಆತ ಬಂದು, ಗೋಡೆಗಿಂತ ಮೊದಲು ಟೊಂಗೆಗಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ, "ಗೋಡೆ ಒಣಗೇ ಇದೆ" ಎಂದು ಅರ್ಥಗರ್ಭಿತವಾಗಿ ನಕ್ಕು ಹೋದ.

ಮಾರನೆಯ ದಿನ ಮಧ್ಯಾಹ್ನದ ಊಟಕ್ಕೆ ಕೂತಾಗ ನನ್ನ ಸಹೋದ್ಯೋಗಿ, ಕಲಬುರಗಿಯ ಇಮ್ತಿಯಾಜ್‌ಗೆ ಫೋನಿನಲ್ಲಿ ಮೀಟರಿನ ಗ್ರಾಫು ತೋರಿಸಿದೆ. ಅವನು ಚಮಚ ಕೆಳಗಿಟ್ಟು ನೋಡಿದ.

"ಸರ, ದಿನಾ ಏಳಕ್ಕ ಏರ್ತದ, ಒಂಬತ್ತಕ್ಕ ಇಳಿಲಿಕ್ಕ ಶುರು ಆಗ್ತದ. ಏಳಕ್ಕ ಅಲ್ಲಿ ಏನಾಗ್ತದ್ರಿ?"

"ಏನೂ ಇಲ್ಲೋ. ನಾ ಹೋಗಿ ಕುಂದ್ರತೀನಿ, ಅಷ್ಟ."

"ಎಷ್ಟೊತ್ತು?"

"ಎರಡು ತಾಸು."

"ಬಾಗಿಲಾ ಹಾಕ್ಕೊಂಡು? ಮಾತಾಡ್ಕೋತ? ಚಹಾ ಕುಡ್ಕೋತ?" ಅವನು ನಗು ತಡೆಯಲಾರದೆ ಕೆಮ್ಮಿದ. "ಸರ, ಪೈಪ್ ಸೋರಾಕತ್ತಿಲ್ರಿ. ನೀವ ಸೋರಾಕತ್ತೀರಿ."

ಪರೀಕ್ಷೆ ನಡೆಯುವಾಗ ತೇವಾಂಶದ ಕೋಣೆಯಲ್ಲಿ ಮನುಷ್ಯರು ಇರಬಾರದು, ಉಸಿರಿನಲ್ಲಿ ನೀರಿರುತ್ತದೆ ಎಂದು ಹೊಸಬರಿಗೆ ಪಾಠ ಹೇಳುವವನು ನಾನೇ. ಸಂಜೆ ಹೋಗಿ ಟಾರ್ಚು ಹಿಡಿದು ನೋಡಿದರೆ, ಕುರ್ಚಿಯ ನೇರ ಮೇಲಿದ್ದ ಎರಡು ದಪ್ಪ ಟೊಂಗೆಗಳಿಗೆ ಬಿಳಿ ಬೂಷ್ಟು. ನಾನು ಮುಖವೆತ್ತಿ ಮಾತಾಡುತ್ತಿದ್ದದ್ದು ಅವುಗಳೊಂದಿಗೇ. ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬೆಳೆ ಹೋಗಿತ್ತು. ಅವೆರಡನ್ನು ಚೀಲದಲ್ಲಿ ಕಟ್ಟಿ ಎಸೆದು, ಆ ದಿನ ಮಾತಾಡದೆ, ಆದಷ್ಟು ಕಡಿಮೆ ಉಸಿರಾಡುತ್ತ ಹೊರಗೆ ಬಂದೆ.

ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ಶನಿವಾರ ಬಸ್ಸು ಹಿಡಿದು ಆಸ್ಪತ್ರೆಗೇ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ವಾಕ್ಯವನ್ನು ವ್ಯಾಕರಣಬದ್ಧವಾಗಿ ಕಟ್ಟಿಕೊಂಡಿದ್ದೆ. ಹಾಸಿಗೆಯಲ್ಲಿ ಮತ್ತಷ್ಟು ಸಣ್ಣಗಾಗಿದ್ದ ಅವರನ್ನು ಕಂಡೊಡನೆ ಕ್ರಿಯಾಪದ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಹೇಗೋ ಹೇಳಿ ಮುಗಿಸಿದೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಬೈಯುತ್ತಾರೆಂದುಕೊಂಡೆ.

"ದಿನಾ ಎರಡು ಗಂಟೆ, ಆ ಕೋಣೆಯಲ್ಲಿ, ಏನು ಮಾಡುತ್ತಿದ್ದಿರಿ?"

"ಮಾತಾಡುತ್ತಿದ್ದೆ."

"ಯಾರ ಜೊತೆ?"

"ಹೆಂಡತಿಯ ಜೊತೆ. ಅವಳು ಫೋನಿಟ್ಟ ಮೇಲೆ…"

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನನಗೆ ಆಪರೇಷನ್ನಾದ ಮೇಲೆ ನೋಡಲು ಬಂದ ಮೊದಲನೆಯವರು ನೀವು" ಎಂದರು. ನಂತರ ತಕ್ಷಣ ದನಿ ಗಟ್ಟಿ ಮಾಡಿ, "ಇನ್ನು ಮೇಲೆ ಕೋಣೆಯಲ್ಲಿ ಐದು ನಿಮಿಷ. ಕೂರಬೇಕೆನಿಸಿದರೆ ಅಡುಗೆಮನೆ ಇದೆ, ದೊಡ್ಡದು. ಕಿಟಕಿ ಸ್ವಲ್ಪ ತೆರೆದಿಡಿ" ಎಂದು ಆಜ್ಞೆ ಮಾಡಿದರು.

ಉಳಿದದ್ದನ್ನು ಹೇಗೋ ಉಳಿಸಿದೆ. ಕಡ್ಡಿ ಲಟ್ ಎಂದ ದಿನ ಡಬ್ಬಿಗೆ ತುಂಬಿದೆ. ಸಂಜೆ ಮುಚ್ಚಳ ತೆಗೆಯುವಾಗ ಬಾಯಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದೆ. ಅಡುಗೆಮನೆಯಲ್ಲೂ ಒಮ್ಮೆ ಕೂತು ನೋಡಿದೆ. ಅಲ್ಲಿ ನೋಡಲು ಮೀಟರಿಲ್ಲ, ಮಾಡಲು ಕೆಲಸವಿಲ್ಲ. ಹತ್ತು ನಿಮಿಷಕ್ಕೆ ಎದ್ದು ಬಂದೆ.

ನವೆಂಬರಿನಲ್ಲಿ ಫ್ರೌ ಕ್ರೂಗರ್ ತಿರುಗಿ ಬಂದರು. ಡಬ್ಬಿಗಳನ್ನು ಒಂದೊಂದಾಗಿ ಮೂಸಿ "ಗೂಟ್", ಅಂದರೆ ಚೆನ್ನಾಗಿದೆ, ಎಂದರು. ಜರ್ಮನ್ನರ ಹೊಗಳಿಕೆ ಅಲ್ಲಿಗೆ ಮುಗಿಯುತ್ತದೆ. ಬೀಗದ ಕೈ ವಾಪಸು ಕೊಟ್ಟೆ. ಅದಾದ ಮೇಲೂ ನಾನು ಬಾಗಿಲಲ್ಲಿ ನಿಂತೇ ಇದ್ದೆನೆಂದು ಕಾಣುತ್ತದೆ. "ಭಾನುವಾರ ಮೂರಕ್ಕೆ ಕಾಫಿ" ಎಂದರು. "ಕೇಕು ಮಾಮೂಲಿನದು. ಹೆದರಬೇಡಿ."

ಭಾನುವಾರ ಹೋದೆ. ಅವರು ಒಂದು ಗಂಟೆ ಗಂಡನ ವಿಷಯ, ಫೋನು ಮಾಡದ ತಂಗಿಯ ವಿಷಯ ಹೇಳಿದರು. ನನಗೆ ಅರ್ಧ ತಿಳಿಯಿತು. ತಿಳಿಯದ ಕಡೆಯೆಲ್ಲ "ಗೆನಾವ್", ಅಂದರೆ ಹೌದು ಹೌದು, ಎಂದೆ. ಆಮೇಲೆ ನಾನು ಒಂದು ಗಂಟೆ ನನ್ನ ಕಥೆ ಹೇಳಿದೆ. ನನ್ನ ಜರ್ಮನ್ ಅವರಿಗೆ ಎಷ್ಟು ತಿಳಿಯಿತೋ, ಅವರೂ "ಗೆನಾವ್" ಎನ್ನುತ್ತಲೇ ಇದ್ದರು. ಮನೆಗೆ ಬಂದು ಉತ್ಸಾಹದಿಂದ ಸುಮಾಗೆ ಇದನ್ನೆಲ್ಲ ವರದಿ ಮಾಡಿದೆ. "ಪಾಪ, ತಿಳೀತೋ ಇಲ್ಲೋ, ಒಂದು ತಾಸು ನನ್ನ ಮಾತಿಗೆ ಹೌದು ಹೌದು ಅಂದ್ರು ನೋಡು. ಎಂಥ ದೊಡ್ಡ ಮನಸು!"

ಆ ಕಡೆ ಒಗ್ಗರಣೆ ಚಟಪಟ ಎಂದಿತು. "ನಾ ಹತ್ತೊಂಬತ್ತು ವರ್ಷದಿಂದ ಹೂಂ ಹೂಂ ಅನ್ನಾಕತ್ತೀನಲ್ಲ, ಅದು ಯಾವ ಮನಸು?" ಎಂದಳು ಸುಮಾ. ಅದೇ ಉಸಿರಿನಲ್ಲಿ, "ಇರ್ರಿ, ಬಾಣಲಿ ಸೀಯಾಕತ್ತೇತಿ, ಆಮ್ಯಾಲೆ ಮಾಡ್ತೀನಿ" ಎಂದು ಫೋನಿಟ್ಟಳು. ಆ ಕಡೆ ಯಾರೂ ಇಲ್ಲದ ಫೋನನ್ನು ಕಿವಿಗೆ ಹಿಡಿದುಕೊಂಡೇ ನಾನು "ಹೂಂ" ಎಂದೆ.