ಅವ್ವ, ಮಗಳು, ಒಂದೇ ಫಿಟ್ಟರ್ ಬ್ಯಾಚು

ಹೆತ್ತ ಮಗಳ ಜೊತೆ ಒಂದೇ ತರಗತಿಯಲ್ಲಿ ಕೂತವರು ಪಜೀತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ನಮ್ಮವು ದಿನಾ ಬೆಳಿಗ್ಗೆ ಕಮಲಾಪುರದಲ್ಲಿ ನಮ್ಮ ಜೊತೆಯೇ ಬಸ್ ಹತ್ತುತ್ತಿದ್ದವು.

೧. ಸಹಿ

ಮಗಳಿಗೆ ಕಲಬುರಗಿಯ ಒಂದು ಐಟಿಐಯಲ್ಲಿ ಫಿಟ್ಟರ್ ಸೀಟು ಸಿಕ್ಕಿತ್ತು. "ಇಪ್ಪತ್ತು ಹುಡುಗರ ನಡುವ ಒಬ್ಬಾಕಿನ್ನ ಕಳಸೂದಿಲ್ಲ" ಎಂದರು ನಮ್ಮ ಯಜಮಾನರು. ಸೇರಲು ಒಂದೇ ದಿನ ಉಳಿದಿತ್ತು. ಮಗಳು ಅಳಲಿಲ್ಲ, ಜಗಳಾಡಲಿಲ್ಲ; ಸುಮ್ಮನೆ ಊಟ ಬಿಟ್ಟಳು. ನನಗೆ ಹೆದರಿಕೆಯಾಯಿತು. ಮದುವೆಗೆ ಮೊದಲು ನಾನೂ ಹತ್ತನೆಯ ತರಗತಿ ಪಾಸಾದವಳೇ.

"ಹಂಗಾದ್ರ ನಾನೂ ಸೇರ್ತೀನಿ. ಇಬ್ಬರೂ ಕೂಡೇ ಹೋಗ್ತೀವಿ" ಅಂದುಬಿಟ್ಟೆ.

ಹೆದರಿಕೆಯಲ್ಲಿ ಆಡಿದ ಮಾತು. ಇನ್ನೊಂದು ಸೀಟು ಖಾಲಿ ಇದ್ದದ್ದು ನನ್ನ ಗ್ರಹಚಾರ. ಯಜಮಾನರು ಒಂದು ಕರಾರು ಹಾಕಿದರು: "ಇಬ್ಬರೊಳಗ ಒಬ್ಬರು ಫೇಲಾದ್ರೂ ಇಬ್ಬರೂ ಮನಿಗಿ."

ಮರುದಿನ ಮಗಳ ಅರ್ಜಿಗೆ ಪಾಲಕಳಾಗಿ ನಾನು ಸಹಿ ಹಾಕಿದೆ. ನನ್ನ ಅರ್ಜಿಯನ್ನು ಗುಮಾಸ್ತರು ವಾಪಸ್ ತಳ್ಳಿದರು.

"ಪಾಲಕರ ಸಹಿ ಇಲ್ಲಲ್ರೀ."

"ನನಗ ನಲವತ್ತೊಂದ್ರೀ!"

"ಜಾಗಾ ಬಿಟ್ಟಾರಂದ್ರ ತುಂಬಬೇಕ್ರಿ. ಐದಕ್ಕ ಖಿಡಕಿ ಬಂದ್."

ಆಗ ನಾಲ್ಕೂಕಾಲು. ಯಜಮಾನರು ಕಮಲಾಪುರದಲ್ಲಿ; ಪುಣ್ಯಕ್ಕೆ ನಮ್ಮತ್ತೆ ಕಲಬುರಗಿಯಲ್ಲೇ, ಶಹಾಬಜಾರದ ತಮ್ಮ ತಂಗಿಯ ಮನೆಗೆ ಬಂದಿದ್ದರು. ಆಟೋ ಮಾಡಿಕೊಂಡು ಓಡಿ ಅವರನ್ನು ಕರೆತಂದೆವು. ಐದಕ್ಕೆ ಎರಡೇ ನಿಮಿಷ ಇರುವಾಗ ಅತ್ತೆ ಹೆಬ್ಬೆಟ್ಟು ಒತ್ತಿದರು. ಒತ್ತಿ ಸುಮ್ಮನಿರಲಿಲ್ಲ.

"ಕ್ಲಾಸ್ ತಪ್ಪಿಸಿದ್ರ ನನಗ ತಿಳಸ್ರಿ ಸಾಹೇಬ್ರ. ಸಣ್ಣಾಕಿ ಶಾಣ್ಯಾಕಿ ಅದಾಳ. ಈ ದೊಡ್ಡಾಕಿ ಮ್ಯಾಲ ನನಗ ಭರೋಸಾ ಇಲ್ಲ."

೨. ಖಾಕಿ

ಯಂತ್ರಗಳ ಹತ್ತಿರ ಸೀರೆ ಉಡುವಂತಿಲ್ಲ. ಖಾಕಿ ಪ್ಯಾಂಟು, ಖಾಕಿ ಶರ್ಟು. ಊರಿನವರ ಎದುರಿಗೆ ಪ್ಯಾಂಟು ಹಾಕಲು ನನಗೆ ಧೈರ್ಯವಿರಲಿಲ್ಲ. ಸೀರೆಯಲ್ಲಿ ಹೋಗಿ, ಅಲ್ಲಿ ಬಟ್ಟೆ ಬದಲಿಸುತ್ತಿದ್ದೆ.

ಒಂದು ಸಂಜೆ ನೋಡಿದರೆ, ಸೀರೆಯಿದ್ದ ಕೋಣೆಗೆ ಬೀಗ. ಬೀಗದ ಕೈ ಇದ್ದವರು ಮನೆಗೆ ಹೋಗಿದ್ದರು. ಬೇರೆ ದಾರಿಯಿಲ್ಲದೆ ತಲೆಗೆ ಟೋಪಿ ಹಾಕಿ, ಮುಖಕ್ಕೆ ಕರವಸ್ತ್ರ ಬಿಗಿದು ಬಸ್ ಹತ್ತಿದೆ. ದಾರಿಯುದ್ದಕ್ಕೂ ಮುಖ ಕಿಟಕಿಯ ಕಡೆ ತಿರುಗಿಸಿ ಕೂತೆ. "ಯಾರೂ ಗುರ್ತ ಹಿಡಿಯಂಗಿಲ್ಲ, ಸುಮ್ಮ ಇರು" ಎಂದು ಮಗಳು ಧೈರ್ಯ ಹೇಳಿದಳು.

ಕಮಲಾಪುರದಲ್ಲಿ ಇಳಿದರೆ ಎದುರಿಗೇ ಯಜಮಾನರು, ಗಾಡಿ ನಿಲ್ಲಿಸಿಕೊಂಡು! ಅವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಅಂಗಿ ಸರಿಮಾಡಿಕೊಂಡು ಕೈ ಮುಗಿದರು.

"ನಮಸ್ಕಾರ್ರೀ ಸರ್. ಮಗಳನ್ನ ಬಿಡಾಕ ಇಲ್ಲೀತನ ಬಂದ್ರೇನು? ನಮ್ಮ ಮನಿಯಾಕೀನೂ ನಿಮ್ಮ ಕಡೀನೇ ಕಲ್ಯಾಕತ್ತಾಳ್ರಿ. ಆಕಿ ತಲಿಗೆ ಏನಾರ ಹತ್ತತದೇನು?"

ನಾನು ಕರವಸ್ತ್ರ ಇಳಿಸಿದೆ.

"ತಲಿಗೆ ಹತ್ತತದ್ರಿ. ನೀವು ಮದ್ಲ ಕಣ್ಣ ತೋರಸ್ರಿ."

೩. ಬಿಗಿ, ಸಡಿಲು

ಕೊನೆಯ ಪ್ರಾಯೋಗಿಕ ಪರೀಕ್ಷೆ. ಒಂದು ಕಬ್ಬಿಣದ ತುಂಡಿನಲ್ಲಿ ಮುಂದೆ ಚಾಚಿದ ನಾಲಿಗೆ ಕೊರೆಯಬೇಕು, ಇನ್ನೊಂದರಲ್ಲಿ ಆ ನಾಲಿಗೆ ಕೂರುವ ಸಂದು. ಎರಡು ತುಂಡೂ ಬರಿಗೈಯಲ್ಲೇ ಸೇರಬೇಕು, ಬರಿಗೈಯಲ್ಲೇ ಬಿಡಿಸಲು ಬರಬೇಕು; ಸಡಿಲಾಗಿ ಜಾರಲೂ ಬಾರದು. ಹೊರಗಿನಿಂದ ಬಂದ ಪರೀಕ್ಷಕರು ಭಾರಿ ಖಡಕ್ ಮನುಷ್ಯ. ಆಗಲೇ ಇಬ್ಬರನ್ನು ಗದರಿಸಿ ಕೂರಿಸಿದ್ದರು.

ಒಂದು ಗಂಟೆ ಉಳಿದಿತ್ತು. ಮಗಳು ಎರಡು ತುಂಡು ಕೂಡಿಸಿ ನೋಡಿದಳು, ಸಿಕ್ಕಿಬಿತ್ತು. ಎಳೆದಳು, ಬರಲಿಲ್ಲ. ಬೆವರು ಒರೆಸಿಕೊಂಡು ಸುತ್ತಿಗೆ ಎತ್ತಿದಳು. ಹಾಗೆ ಬಡಿದರೆ ಅಂಚು ಮುರಿದು ಎರಡು ವರ್ಷದ ಓದು ನೀರುಪಾಲು. ಯಜಮಾನರ ಕರಾರು ಕಣ್ಣ ಮುಂದೆ ಬಂತು. ನನ್ನ ಕೆಲಸ ಬಿಟ್ಟು ಓಡಿಹೋಗಿ ಅವಳ ಕೈ ಹಿಡಿದೆ.

"ಮಗಳ, ಬಡೀಬ್ಯಾಡ!"

"ಯಾರ್ರೀ ನೀವು?" ಖಾಕಿಯಲ್ಲಿದ್ದ ನನ್ನನ್ನು ಸಿಬ್ಬಂದಿ ಅಂದುಕೊಂಡಿದ್ದ ಪರೀಕ್ಷಕರು ಗುಡುಗಿದರು.

"ಆಕಿ ಅವ್ವರೀ."

"ಅವ್ವ ಅಪ್ಪನ್ನ ಯಾರು ಒಳಗ ಬಿಟ್ಟಾರ? ನಡೀರಿ ಹೊರಗ!"

ದೊಡ್ಡವರು ಗದರಿದರೆ ಎದುರು ಮಾತಾಡಿ ನನಗೆ ರೂಢಿಯಿಲ್ಲ. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಮೋಮಿನಪುರದಿಂದ ಬರುವ ನಮ್ಮ ಮೇಷ್ಟ್ರು ಅತ್ತ ಬಂದವರು ನನ್ನ ನೋಡಿ ತಲೆ ಹಿಡಿದುಕೊಂಡರು.

"ಯಾ ಅಲ್ಲಾ! ಪರೀಕ್ಷಾ ಬಿಟ್ಟು ಇಲ್ಲಿ ಏನು ಮಾಡಾಕತ್ತೀರಿ?"

"ಹೊರಗ ನಡೀರಿ ಅಂದ್ರಲ್ರೀ ಸರ್."

ಅವರು ನನ್ನನ್ನು ಒಳಗೆ ಕರೆದೊಯ್ದು, ಹಾಲ್‌ಟಿಕೆಟ್ ತೋರಿಸಿ, ಪರೀಕ್ಷಕರನ್ನು ಒಪ್ಪಿಸುವ ಹೊತ್ತಿಗೆ ಇಪ್ಪತ್ತು ನಿಮಿಷ ಹೋಗಿತ್ತು. ಅಷ್ಟರಲ್ಲಿ ಮಗಳು ತಾನೇ ಎಣ್ಣೆ ಬಿಟ್ಟು, ಮೆಲ್ಲಗೆ ಅಲ್ಲಾಡಿಸಿ ತುಂಡು ಬಿಡಿಸಿಕೊಂಡಿದ್ದಳು. ಅವಸರದಲ್ಲಿ ಕಬ್ಬಿಣ ಉಜ್ಜುವ ಅರ ಓಡಿಸಿದವಳು ನಾನು. ನನ್ನ ನಾಲಿಗೆ ಬೇಕಾದ್ದಕ್ಕಿಂತ ಸವೆದುಹೋಯಿತು.

ಅವಳು ಚೆನ್ನಾಗಿ, ನಾನು ಅಂಚಿನಲ್ಲಿ, ಇಬ್ಬರೂ ಪಾಸಾದೆವು. ಅದು ತಿಳಿದದ್ದು ಆಮೇಲೆ. ಆ ಹೊತ್ತಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಪರೀಕ್ಷಕರು ಮಗಳ ಜೋಡಣೆ ನೋಡಿ ಮೆಚ್ಚಿ ತಲೆಯಾಡಿಸಿದರು. ನನ್ನದನ್ನು ಎತ್ತಿದರು. ನಾಲಿಗೆಯ ತುಂಡು ಸಂದಿನಿಂದ ತಾನಾಗಿಯೇ ಜಾರಿ ಠಣ್ಣೆಂದು ಅವರ ಬೂಟಿನ ಮೇಲೆ ಬಿತ್ತು.

"ಇದ್ಯಾಕ್ರೀ ಹೊರಗ ಬಂತು?"

"ನಿಮ್ಮ ದನಿ ಕೇಳಿ ಅಂಜಿರಬೇಕ್ರಿ ಸರ್."