ಒಂದು ಮೊಳದ ಅಡ್ಡಿ

ತೊಂದರೆಗೆಲ್ಲ ಕಾರಣ ಪ್ರಯೋಗಶಾಲೆಯ ನಡುವೆ ನಿಂತಿದ್ದ ಒಂದು ಕಂಬ.

ಸದಾ ಜೇಬಿನಲ್ಲಿ ಟೇಪು ಇಟ್ಟುಕೊಂಡು ಓಡಾಡುತ್ತಿದ್ದ ಎಂಜಿನಿಯರಿಗೆ ಅಲ್ಲಿ ಅಳತೆ ಮೇಷ್ಟ್ರು ಎಂದೇ ಹೆಸರು. ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಅವರೊಂದು ಯಂತ್ರದ ನಕ್ಷೆ ಬರೆದಿದ್ದರು. ಉಕ್ಕಿನ ತುಂಡಿನೊಳಕ್ಕೆ ನ್ಯೂಟ್ರಾನ್ ಕಣಗಳನ್ನು ಹಾಯಿಸಿ, ಚದುರಿ ಬಂದವನ್ನು ದೂರದಲ್ಲಿ ಹಿಡಿದು, ಉಕ್ಕಿನ ಒಳಗುಟ್ಟು ತಿಳಿಯುವ ಯಂತ್ರ. ಚದುರಿದ ಕಣಗಳು ಓಡಲು ಉದ್ದನೆಯ ಡ್ರಮ್ಮು ಬೇಕು. ಗಿಡ್ಡವಾದರೆ ಎಲ್ಲವೂ ಒಂದೇ ಕಡೆ ಗುಂಪುಗೂಡಿ ಏನೂ ತಿಳಿಯದು. ಉದ್ದವಾದರೆ ಕಂಬ ಅಡ್ಡ.

“ನಿದ್ದೇಲೂ ಕಂಬ ಕಂಬ ಅಂತೀರಲ್ರೀ! ರಟ್ಟಲ್ಲಿ ಮಾಡಿ ಒಂದ್ಸಲ ಇಟ್ಟು ನೋಡ್ಬಿಡಿ. ನನಗಾದ್ರೂ ನಿದ್ದೆ ಬರ್ಲಿ,” ಎಂದರು ಹೆಂಡತಿ.

ಬೆಳಿಗ್ಗೆಯೇ ಮೇಷ್ಟ್ರು ಫ್ರಿಜ್ಜಿನ ಪೆಟ್ಟಿಗೆಗಳನ್ನು ಕತ್ತರಿಸಿ, ಅಂಟಿಸಿ, ಆನೆಮರಿಯಂಥ ಡ್ರಮ್ಮು ಮಾಡಿ ಜಾಗದಲ್ಲಿಟ್ಟರು. ಒಂದು ಮೊಳ ಹೆಚ್ಚಾಗಿ ಅದರ ಬಾಲ ಕಂಬಕ್ಕೆ ಗುದ್ದಿ ಸೊಟ್ಟಗಾಯಿತು. ಮೇಷ್ಟ್ರಿಗೆ ಒಂಥರಾ ಸಮಾಧಾನ. ಇದನ್ನು ಕಣ್ಣಾರೆ ಕಂಡರೆ ಡೈರೆಕ್ಟರು ದೊಡ್ಡ ಜಾಗ ಕೊಡಿಸದೆ ಇರುವರೇ? ಒಳ ಅಳತೆ ಹಿಡಿಯಲೆಂದು ಡ್ರಮ್ಮಿನೊಳಗೆ ತೂರಿದರು. ಒಳಗೆ ಕತ್ತಲು, ಬೆಚ್ಚಗೆ. ಕಾಲು ಮಡಚಿ ಒರಗಿದ್ದಷ್ಟೇ ನೆನಪು.

ಅಷ್ಟರಲ್ಲಿ ಡೈರೆಕ್ಟರು ಏದುಸಿರು ಬಿಡುತ್ತಾ ಬಂದರು. “ಹೆಡ್ಡಾಫೀಸಿನ ದೊಡ್ಡ ಸಾಹೇಬ್ರು ಯಂತ್ರ ನೋಡೋಕೆ ಮಧ್ಯಾಹ್ನವೇ ಬರ್ತಾರಂತೆ! ಯಂತ್ರ ಎಲ್ಲಿ ಅಂದ್ರೆ ನನ್ನ ತಲೆ ತೋರಿಸ್ಲಾ?”

“ಇಲ್ಲೇ ಇದೆಯಲ್ಲ ಸಾರ್!” ಎಂದ ವೆಲ್ಡರು, ರಟ್ಟಿಗೆ ತಟ್ಟುತ್ತಾ.

ಪೇಂಟರು ಬೆಳ್ಳಿ ಬಣ್ಣ ಬಳಿದ. ಎಲೆಕ್ಟ್ರಿಷಿಯನ್ನು ಕೆಂಪು ಬಲ್ಬು ಸಿಕ್ಕಿಸಿದ. “ಬಾಲ ಸೊಟ್ಟಗಿದೆ, ನೋಡೋಕೆ ಚೆನ್ನಾಗಿಲ್ಲ,” ಎಂದು ವೆಲ್ಡರು ಗರಗಸದಿಂದ ಒಂದು ಮೊಳ ಕೊಯ್ದು, ಬಾಯಿ ಮುಚ್ಚಿ ಅಂಟಿಸಿದ. ಹಿಮ್ಮಡಿ ಸವರಿಕೊಂಡೇ ಗರಗಸ ಹೋದರೂ ಮೇಷ್ಟ್ರಿಗೆ ಎಚ್ಚರವಿಲ್ಲ.

ಎಚ್ಚರವಾದದ್ದು ಬಣ್ಣದ ಘಾಟಿಗೆ. ಆಗಲೇ ಹೊರಗೆ ಬೂಟಿನ ಸದ್ದು, ಸಾಹೇಬರ ಮಾತು. ಈಗ ಹೊರಬಿದ್ದರೆ ಎಲ್ಲರ ಮಾನ ಹೋದೀತೆಂದು ಮೇಷ್ಟ್ರು ಮೂಗು ಹಿಡಿದು ಕೂತರು. ಮೂಗು ಕೇಳಬೇಕಲ್ಲ. ಆಕ್ಷೀ!

“ಏನ್ರೀ ಅದು?” ಬೆಚ್ಚಿದರು ಸಾಹೇಬರು.

“ನ್ಯೂಟ್ರಾನ್ ಸಾರ್. ಬೆಳಿಗ್ಗೆಯಿಂದ ಸ್ವಲ್ಪ ಜೋರು,” ಎಂದರು ಡೈರೆಕ್ಟರು.

ಸಾಹೇಬರು ಮೆಚ್ಚಿ ತಲೆದೂಗಿದರು. ಡ್ರಮ್ಮಿಗೂ ಕಂಬಕ್ಕೂ ನಡುವೆ ಕೈಯಾಡಿಸಿ ನೋಡಿದರು. “ಭೇಷ್! ಜಾಗ ಸಾಲಲ್ಲ ಅಂತ ಯಾರೋ ಹೇಳಿದ್ರು. ಪಕ್ಕದ ದೊಡ್ಡ ಕಟ್ಟಡ ನಿಮಗೇ ಕೊಟ್ಟುಬಿಡೋಣ ಅಂತ ಬಂದಿದ್ದೆ. ಇಲ್ಲೇ ಇಷ್ಟು ಸಲೀಸಾಗಿ ಕೂತಿದೆಯಲ್ಲ! ಆ ಕಟ್ಟಡಾನ ಹಳೇ ಕುರ್ಚಿ ಮೇಜು ತುಂಬೋಕೆ ಕೊಡ್ತೀನಿ ಬಿಡಿ.”

ಕಾರು ಹೊರಟ ಮೇಲೆ ಮೇಷ್ಟ್ರು ರಟ್ಟು ಹರಿದುಕೊಂಡು ಹೊರಬಂದರು. ತಲೆಯೆಲ್ಲ ಬೆಳ್ಳಿ ಬಣ್ಣ, ಮುಖದಲ್ಲಿ ಕಳೆಯಿಲ್ಲ. “ಒಂದು ಮೊಳ ಸಾರ್...” ಎಂದರು, ಕೊಯ್ದು ಬಿದ್ದಿದ್ದ ಬಾಲ ಎತ್ತಿ ತೋರಿಸುತ್ತಾ.

ಡೈರೆಕ್ಟರು ಅವರ ಬೆನ್ನು ತಟ್ಟಿದರು. “ಒಂದು ಮೊಳ ತಾನೇ ಮೇಷ್ಟ್ರೇ? ನ್ಯೂಟ್ರಾನಿಗೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಕೆ ಹೇಳಿ.”