ದರ್ಜಿಗೆ ಬರೆದುಕೊಟ್ಟ ವಾಯುವಿಹಾರ

ಹುಮನಾಬಾದಿನ ದವಾಖಾನೆಯಲ್ಲಿ ವಿರಾಜಮಾನರಾಗಿ, ನಾಡಿ ಹಿಡಿಯದೆಯೇ ರೋಗ ತಿಳಿಯುವ ಡಾಕ್ಟರ್ ಸಾಹೇಬರ ಸನ್ನಿಧಾನಕ್ಕೆ, ಬಸವಕಲ್ಯಾಣದ ದರ್ಜಿಯೂ ನಾಲ್ಕು ಮಕ್ಕಳ ತಂದೆಯೂ ಆದ ವೈಜನಾಥನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದು ಬರವಣಿಗೆಯಲ್ಲಿ ಮಾತ್ರ. ಬೆನ್ನು ಇನ್ನೂ ಅಷ್ಟು ಬಾಗುತ್ತಿಲ್ಲ.

ಮಾನ್ಯರೇ,

ಈ ಲಗ್ನದ ಸುಗ್ಗಿಯಲ್ಲಿ ಕಣ್ಣು ಕತ್ತಲೆಗಟ್ಟಿ ಹೊಲಿಗೆ ಮಷೀನಿನ ಮೇಲೆಯೇ ಒರಗಿದ ನನ್ನನ್ನು ಹೆಂಡತಿ ಲಲಿತಾಬಾಯಿ ಬಸ್ಸಿನಲ್ಲಿ ತಮ್ಮಲ್ಲಿಗೆ ಕರೆತಂದದ್ದು ತಮಗೆ ನೆನಪಿರಲಾರದು. ತಾವು ಗೋಡೆಯ ಕ್ಯಾಲೆಂಡರನ್ನು ನೋಡುತ್ತ, "ಮೈಗಿ ವ್ಯಾಯಾಮ ಸಾಲವಲ್ದು. ದಿನಾ ನಸುಕಿನ್ಯಾಗ ಅಡ್ಡಾಡ್ರಿ, ಹಾಲು ಕುಡೀರಿ, ಉಂಡ ಮ್ಯಾಲ ಒಂದ್ ತಾಸು ಮಲಗ್ರಿ, ಚಿಂತಿ ಹಚ್ಕೋಬ್ಯಾಡ್ರಿ" ಎಂದು ಅಪ್ಪಣೆ ಕೊಡಿಸಿದಿರಿ.

"ದಿನಾ ಮಷೀನ್ ತುಳೀತಾರ್ರಿ ಸಾಹೇಬ್ರ, ಇನ್ನೆಷ್ಟು ವ್ಯಾಯಾಮ?" ಎಂದು ಲಲಿತಾ ಕೇಳಿದಳು.

ಆಗ ತಾವು ಮೊದಲ ಬಾರಿಗೆ ನನ್ನತ್ತ ತಿರುಗಿ, "ಟೇಲರ್ ಏನು? ತಡೀರಿ" ಎಂದು ಒಳಗಿನಿಂದ ಪ್ಯಾಂಟೊಂದನ್ನು ತರಿಸಿ, "ಇದರ ಸೊಂಟ ಜರಾ ಬಿಡಸ್ರಿ. ಶುಕ್ರವಾರ ನಿಮ್ಮೂರಾಗ ಮಿತ ಆಹಾರದ ಮ್ಯಾಲ ನನ್ನ ಭಾಷಣ ಅದ" ಎಂದಿರಿ. ಸಿದ್ಧಾಂತವನ್ನು ಸೊಂಟದಿಂದ ಇಷ್ಟು ದೂರ ಇಟ್ಟಿರುವ ತಮ್ಮ ಶಿಸ್ತಿಗೆ ಬೆರಗಾದೆ.

ಮರುದಿನವೇ ನಸುಕಿನಲ್ಲಿ ತ್ರಿಪುರಾಂತ ಕೆರೆಯತ್ತ ಹೊರಟೆ. ಕೆಲಸವಿಲ್ಲದೆ ನಡೆಯುವ ಸಂಸಾರಸ್ಥನನ್ನು ನಮ್ಮೂರು ಕಂಡಿರಲಿಲ್ಲವಾದ್ದರಿಂದ, ಹೋಟೆಲಿನ ಶಂಶುದ್ದೀನ್ ಸಾಹೇಬರು, "ಹ್ಯಾಂಗೂ ಖಾಲಿ ಕೈಲೆ ನಡ್ದೀರಿ, ಬರೂವಾಗ ನಮ್ ಹಾಲಿನ ಕ್ಯಾನ್ ತರ್ರಿ" ಎಂದರು. ನೆರೆಮನೆಯ ಮಾಣಿಕಮ್ಮ ಗಿರಣಿಗೆಂದು ಜೋಳದ ಗಂಟನ್ನು ನನ್ನ ಹೆಗಲಿಗೇರಿಸಿದಳು. ಹೀಗೆ ತಾವು ಬರೆದುಕೊಟ್ಟ ಹಾಲು ನನಗೆ ದೊರೆಯಿತು, ಕೈಗೆ ಮಾತ್ರ. ಮಧ್ಯಾಹ್ನ ಉಂಡು ಮಲಗಿದೆನೋ ಇಲ್ಲವೋ, ಮಗನ ಲಗ್ನದ ಕೋಟಿಗೆಂದು ಬಂದ ಮಹಾರುದ್ರಪ್ಪನವರು ಹೊಸ್ತಿಲಲ್ಲಿ ಕುಳಿತು, "ಯಾಕ್ರಿ ಟೇಲರ್ ಮಾಸ್ತರ್, ಮದುಮಗ ಬರೀ ಮೈಲೆ ಅಕ್ಷತಿ ಹಾಕಸ್ಕೋಬೇಕೇನು?" ಎಂದು ಗುಡುಗಿದರು.

ಶುಕ್ರವಾರದ ಭಾಷಣ ಅಮೋಘವಾಗಿತ್ತು. ಸಭೆಯಲ್ಲಿದ್ದ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ನೋಡ್ರಿ, ನನ್ನ ಮಾತು ಕೇಳಿ ಈ ಮಾಸ್ತರ್ ಹ್ಯಾಂಗ ಗಟ್ಟಿ ಆಗ್ಯಾರ!" ಎಂದು ತಾವು ಸಾರಿದಾಗ ಜನ ಚಪ್ಪಾಳೆ ತಟ್ಟಿದರು. ಅದುವರೆಗೆ ನನ್ನ ಮೇಲೆ ಕನಿಕರಪಟ್ಟು ದೂರ ಉಳಿದಿದ್ದವರೆಲ್ಲ ಮರುದಿನ ಬಟ್ಟೆಯ ಗಂಟು ಹೊತ್ತು ಬಂದರು. ಸರ್ಟಿಫಿಕೇಟು ತಮ್ಮದು, ಬೆನ್ನು ನನ್ನದು. ಹೀಗಾಗಿ ಬೇಡವೆನ್ನಲು ನಾಲಗೆ ಏಳಲಿಲ್ಲ. ಸೋಮವಾರ ಮತ್ತೆ ಕಣ್ಣು ಕತ್ತಲಾಯಿತು. ಸೂಜಿ ಬೆರಳಿನೊಳಗೆ ಇಳಿದು ಮುರಿಯಿತು, ನಾನು ನೆಲಕ್ಕುರುಳಿದೆ.

ಲಲಿತಾ ಓಡಿಬಂದು ಸೂಜಿ ಕಿತ್ತು, ಸೆರಗಿನ ಅಂಚು ಹರಿದು ಬೆರಳಿಗೆ ಕಟ್ಟಿದಳು. ಕೋಟಿನ ತಗಾದೆಗೆ ಬಂದು ಕುಳಿತಿದ್ದು, ಆ ರಕ್ತ ಬಟ್ಟೆಗೆ ತಗಲಿತೇನೋ ಎಂದು ಬಗ್ಗಿ ನೋಡುತ್ತಿದ್ದ ಮಹಾರುದ್ರಪ್ಪನವರ ಕೈಗೆ ಬಟ್ಟೆಯನ್ನೇ ತುರುಕಿ ಹೇಳಿದಳು: "ಕೋಟ್ ಇಲ್ದೆನೂ ನಿಮ್ ಮಗಂದು ಲಗ್ನ ಆಗ್ತದ್ರಿ. ನನ್ ಮಕ್ಕಳು ಅಪ್ಪ ಇಲ್ದೆ ಬದುಕಬೇಕೇನು?"

ಉಳಿದವರ ಗಂಟುಗಳೂ ಹಿಂದಕ್ಕೆ ಹೋದವು. ಅಂಗಡಿಗೆ ಬೀಗ ಬಿತ್ತು. ನಾನು ದಿನವಿಡೀ ನಿದ್ದೆ ಹೋದೆ. ಎಚ್ಚರವಾದಾಗ ಮಕ್ಕಳು ನಾಲ್ವರೂ ಸುತ್ತ ಕುಳಿತಿದ್ದರು; ಚಿಕ್ಕವಳು ಅಮೃತ ನನ್ನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಅದನ್ನು ಕಂಡು ಗಂಡಸು ಅತ್ತನೆಂದು ತಾವು ನಗಬಹುದು. ನಕ್ಕರೆ ಆರೋಗ್ಯಕ್ಕೆ ಒಳ್ಳೆಯದಂತೆ.

ಈಗ ಹಗಲಿಗೆ ಆಗುವಷ್ಟನ್ನೇ ಹೊಲಿಯುತ್ತೇನೆ, ಬೆನ್ನು ನಿಧಾನಕ್ಕೆ ದಾರಿಗೆ ಬರುತ್ತಿದೆ. ಮಹಾರುದ್ರಪ್ಪನವರ ಮಗ ಸೋದರಮಾವನ ಕೋಟಿನಲ್ಲಿ ಮದುವೆಯಾದ, ಸುಖವಾಗಿದ್ದಾನೆ. ತಮ್ಮಲ್ಲಿ ಕೋರಿಕೆ ಇಷ್ಟೇ: ಇನ್ನು ಮುಂದೆ ಮಕ್ಕಳೊಂದಿಗರಿಗೆ ವಿಶ್ರಾಂತಿ ಬರೆಯುವಾಗ, ಅದನ್ನು ಇಡಲು ದಿನಕ್ಕೊಂದು ಹೆಚ್ಚಿನ ಜಾವವನ್ನೂ ಸೂರ್ಯನಾರಾಯಣನಿಂದ ಮಂಜೂರು ಮಾಡಿಸಿ ಕೊಡಬೇಕು.

ತಮ್ಮ ಚಿಕಿತ್ಸೆಯ ನಂತರವೂ ಉಳಿದಿರುವ, ತಮ್ಮ ವಿಶ್ವಾಸಿ
ವೈಜನಾಥ

ತಾ.ಕ.: ಪತ್ರವನ್ನು ಲಲಿತಾಬಾಯಿಗೆ ಓದಿ ಹೇಳಿದೆ. "ಆ ಸಾಹೇಬ್ರೂ ಮಕ್ಕಳೊಂದಿಗರೇ ಅಂತ. ಅವ್ರನ್ನ ಬೈದು ಮಲಗಸೂವ್ರು ಮನ್ಯಾಗ ಯಾರರ ಅದಾರೇನು ಕೇಳ್ರಿ" ಎಂದಳು. ಕೇಳಿದ್ದೇನೆ. ಉತ್ತರವನ್ನು ಭಾಷಣದ ರೂಪದಲ್ಲಿ ದಯಪಾಲಿಸಬಾರದು.